ಪಕ್ಕಕ್ಕೆ ಬಂದು ನಿಂತ ದೋಣಿ

ಮಂಗಳವಾರ ಹನ್ನೊಂದು ಗಂಟೆಯ ಹೊತ್ತಿಗೆ ಅವನು ಅವಳ ಅಂಗಡಿಯ ಹೊಸ್ತಿಲಲ್ಲಿ ಬಂದು ನಿಂತ. ಒಂಬತ್ತು ವರ್ಷಗಳ ನಂತರ.

ಅವಳು ದೋಣಿಗಳಿಗೆ ಟಾರ್ಪಾಲಿನ ಹೊದಿಕೆ ಹೊಲಿಯುವವಳು. ದೋಣಿ ಮಾಲೀಕರ ಕ್ಲಬ್ಬಿನಲ್ಲಿ ಎಲ್ಲರೂ ಅವಳನ್ನು ಸೂಜಿ ಎಂದೇ ಕರೆಯುತ್ತಿದ್ದರು. ಕೆಲಸಕ್ಕೂ ಒಪ್ಪುವ ಹೆಸರು, ಮಾತಿಗೂ ಒಪ್ಪುವ ಹೆಸರು. ಬಂದವನು ಕ್ಲಬ್ಬಿನ ಮೆಕ್ಯಾನಿಕ್. ಅವನದೂ ಒಂದು ಸಣ್ಣ ದೋಣಿಯಿತ್ತು.

'ಯಾವ ಮುಖ ಹೊತ್ತು ಬಂದರೋ...' ಎಂದುಕೊಂಡಳು. ಆದರೆ ಅವನು ನೇರ ಅವಳ ಹೊಲಿಗೆಯ ಹತ್ತಿರ ಬಂದ.

"ಸ್ವಲ್ಪ ಹೊಲಿಗೆ ನಿಲ್ಲಿಸಿ," ಎಂದ. "ನಿಮ್ಮಪ್ಪ ದೋಣಿಗೆ ಬಣ್ಣ ಹಚ್ತಾ ಇದ್ರು. ಸುಸ್ತಾಯ್ತು, ಕೂತ್ಕೋತೀನಿ ಅಂತ ದೋಣಿ ಒಳಗೆ ಹೋದ್ರು. ನಾನು ಹೋಗಿ ನೋಡೋ ಹೊತ್ತಿಗೆ..."

"ಆಸ್ಪತ್ರೆ?"

"ಕರ್ಕೊಂಡು ಹೋದೆ. ಆಗಲೇ ಏನೂ ಉಳಿದಿರಲಿಲ್ಲ."

ಅವಳು ಅಳಲಿಲ್ಲ. ಹೊಲಿಯುತ್ತಿದ್ದ ಅಂಚನ್ನು ಮಡಿಸಿ ಪಕ್ಕಕ್ಕಿಟ್ಟಳು, ಮತ್ತೆ ಬಿಡಿಸಿದಳು, ಮತ್ತೆ ಮಡಿಸಿದಳು.

ಅಂದು ಎಲ್ಲ ಕೆಲಸಕ್ಕೂ ಅವನೇ ಓಡಾಡಿದ. ಹೆಗಲು ಕೊಟ್ಟವರಲ್ಲಿ ಮೊದಲಿಗನೂ ಅವನೇ. ಸಂಜೆಗೆ ಹೇಳದೆ ಕೇಳದೆ ಹೊರಟುಹೋದ.

'ಹೇಳದೆ ಹೋಗುವುದು ಇವರಿಗೆ ರೂಢಿಯೇ ತಾನೆ...'

ಮನೆಯಲ್ಲಿ ಮಾತು ನಿಂತಿತು. ರೇಡಿಯೋದಲ್ಲಿ ನದಿಯ ನೀರಿನ ಮಟ್ಟ ಹೇಳುವಾಗ ಅವಳ ಕೈ ತಾನಾಗಿ ದನಿ ಏರಿಸುತ್ತಿತ್ತು, ಕಿವಿ ಮಂದವಾಗಿದ್ದ ಅಪ್ಪನಿಗೆ ಕೇಳಲೆಂದು. ಏರಿಸಿದ ಮೇಲೆ ನೆನಪಾಗುತ್ತಿತ್ತು. ಇಳಿಸಲು ಮನಸ್ಸಾಗದೆ ಹಾಗೆಯೇ ಕೂತಿರುತ್ತಿದ್ದಳು.

ಐದು ವಾರ ಕಳೆಯಿತು. ಕ್ಲಬ್ಬಿನ ವಾರಾಂತ್ಯದ ಕೂಟ ಬಂತು. ಅಷ್ಟರಲ್ಲಿ ಅವಳು ತೀರ್ಮಾನಿಸಿಬಿಟ್ಟಿದ್ದಳು: ಕೂಟ ಮುಗಿದ ಸೋಮವಾರ ಅಪ್ಪನ ದೋಣಿಯನ್ನು ಮಾರುವುದು, ಅಂಗಡಿ ಮುಚ್ಚಿ, ದೂರದ ಊರಿನ ಅತ್ತೆಯ ಮನೆ ಸೇರುವುದು. ಈ ನದಿಯನ್ನಾಗಲಿ, ಆ ಮೆಕ್ಯಾನಿಕನನ್ನಾಗಲಿ ಮತ್ತೆ ನೋಡುವ ಅಗತ್ಯವಿರಲಿಲ್ಲ.

ಕೊನೆಯ ಕೂಟಕ್ಕೆ ಜೊತೆಯಾಗಿ ಅತ್ತೆ, ಅಂದರೆ ಅಪ್ಪನ ತಂಗಿ, ಬಂದಿದ್ದರು.

"ನಮ್ಮನೆಗೆ ಬಾ, ಬೇಡ ಅನ್ನಲ್ಲ ತಾಯಿ. ಆದ್ರೆ ಅಲ್ಲಿ ಯಾವ ದೋಣಿಗೆ ಹೊಲೀತೀಯ? ನಮ್ಮೂರಲ್ಲಿ ನೀರು ಕಾಣೋದು ಬಕೆಟ್‌ನಲ್ಲಿ ಮಾತ್ರ."

"ನಿಮ್ಮ ಬಕೆಟ್ಟಿಗೇ ಹೊದಿಕೆ ಹೊಲಿದುಕೊಡ್ತೀನಿ ಬಿಡಿ."

"ಮೊದಲು ನಿನ್ನ ಬಾಯಿ ಹೊಲ್ಕೋ."

ಇಬ್ಬರೂ ನಕ್ಕರು. ನಗು ಅರ್ಧದಲ್ಲೇ ನಿಂತಿತು.

ಅಪ್ಪನದು ಎಲ್ಲಕ್ಕಿಂತ ದೊಡ್ಡ ದೋಣಿ. ಅದು ನಡುನೀರಿನಲ್ಲಿ ಲಂಗರು ಹಾಕಿದರೆ ಉಳಿದವು ಒಂದೊಂದಾಗಿ ಬಂದು ಮಗ್ಗುಲಿಗೆ ಕಟ್ಟಿಕೊಳ್ಳುತ್ತಿದ್ದವು. ಕ್ಲಬ್ಬಿನಲ್ಲಿ ಒಂದು ರೂಢಿಯಿತ್ತು. ಬಂದವರು ಬಾಯಿಬಿಟ್ಟು ಹಗ್ಗ ಕೇಳಬಾರದು. ಪಕ್ಕದಲ್ಲಿ ಬಂದು ಸುಮ್ಮನೆ ಕಾಯಬೇಕು. ಇರುವವರು ಹಗ್ಗ ಎಸೆದರೆ ಬಾ ಎಂದರ್ಥ.

ಒಂಬತ್ತು ವರ್ಷದ ಹಿಂದೆ, ಇಂಥದೇ ಕೂಟದ ಮುನ್ನಾದಿನ ಅವನು ಅಂಗಡಿಗೆ ಬಂದು ನೆಲ ನೋಡುತ್ತಾ ಹೇಳಿದ್ದ: "ನಾಳೆ ನಿಮ್ಮ ಪಕ್ಕಕ್ಕೆ ಬರ್ತೀನಿ. ನನ್ನನ್ನ ಮದುವೆಯಾಗೋಕೆ ಒಪ್ಪಿಗೆ ಇದ್ರೆ ಹಗ್ಗ ಕೊಡಿ. ಇಲ್ಲದಿದ್ರೆ ಬೇಡ, ಬೇಜಾರು ಮಾಡ್ಕೊಳ್ಳಲ್ಲ."

ಮರುದಿನ ಅಪ್ಪ ಕ್ಲಬ್ಬಿನ ಕೆಲಸಕ್ಕೆ ದಡದಲ್ಲಿ ಉಳಿದಿದ್ದರು. ದೋಣಿಯಲ್ಲಿ ಅವಳೊಬ್ಬಳೇ. ಅವನು ಬಂದ. ಹತ್ತು ನಿಮಿಷ ನಿಂತ. ಆಮೇಲೆ ದೋಣಿ ತಿರುಗಿಸಿಕೊಂಡು ಸಾಲಿನ ಕೊನೆಗೆ ಹೋಗಿಬಿಟ್ಟ. ಅವಳ ಕೈಯಲ್ಲಿ ಹಗ್ಗ ಹಾಗೆಯೇ ಉಳಿಯಿತು.

ಅಂದಿನಿಂದ ಪ್ರತಿ ಕೂಟದಲ್ಲೂ ಒಂದೇ ಸಾಲು, ಒಂದೇ ನೀರು. ನಡುವೆ ಹತ್ತೋ ಹನ್ನೊಂದೋ ದೋಣಿಗಳು.

ಇಂದೂ ಹನ್ನೊಂದು ದೋಣಿಗಳಿದ್ದವು. ಎಲ್ಲದರಲ್ಲೂ ಸಂಸಾರ, ಒದ್ದೆ ಬಟ್ಟೆ, ನಗು. ಬಂದವರೆಲ್ಲ "ನಿಮ್ಮಪ್ಪ ಇದ್ದಿದ್ರೆ..." ಎಂದು ಶುರುಮಾಡಿ, ಮುಗಿಸಲಾರದೆ ತಂತಮ್ಮ ದೋಣಿಗೆ ಮರಳಿದರು. ಇಷ್ಟು ಜನರ ನಡುವೆ ಇಷ್ಟು ಒಂಟಿಯಾಗಿರಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಅತ್ತೆ ಸಾಲಿನ ಉದ್ದಕ್ಕೂ ಕೇಳುವಂತೆ ಕೂಗಿದರು. "ಏನಪ್ಪಾ ಮೆಕ್ಯಾನಿಕ್, ಸೋಮವಾರ ಈ ದೋಣಿ ಕೊಡ್ತಾ ಇದೀವಿ. ಇಂಜಿನ್ ಒಂದ್ಸಲ ನೋಡಿ ಹೋಗಬಾರ್ದಾ?"

"ಅತ್ತೆ, ಏನಿದು?"

"ಕೊಳ್ಳೋರು ಆಮೇಲೆ ದೂರಬಾರದು ನೋಡು. ನನಗೆ ನಿದ್ದೆ ಬರ್ತಿದೆ." ಅತ್ತೆ ಒಳಗೆ ಹೋಗಿ ಮಲಗಿಯೇಬಿಟ್ಟರು.

ಒಂದು ದೋಣಿಯಿಂದ ಇನ್ನೊಂದಕ್ಕೆ ದಾಟುವಾಗ ಅಪ್ಪಣೆ ಕೇಳಬೇಕು. ದೂರದಿಂದ ಅವನ ದನಿ ಕೇಳಿತು. "ಬರಬಹುದಾ?" ಮತ್ತೆ, ಇನ್ನಷ್ಟು ಹತ್ತಿರ. "ಬರಬಹುದಾ?" ಹನ್ನೊಂದು ಸಲ ಕೇಳಿ, ಕೊನೆಗೆ ಅವಳೆದುರು ನಿಂತ.

"ಬರಬಹುದಾ?"

ಅವಳು ತಲೆಯಾಡಿಸಿದಳು.

ಅರ್ಧ ಗಂಟೆ ಅವನು ಇಂಜಿನ್ನಿಗೆ ಬಾಗಿದ್ದ. ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು. 'ಯಾವಾಗ ಇಷ್ಟು ನರೆಯಿತೋ...' ಕೇಳುವ ಹಕ್ಕು ಅವಳಿಗಿರಲಿಲ್ಲ.

"ಇಂಜಿನ್ ಗಟ್ಟಿಯಾಗಿದೆ," ಎಂದ ಕೈ ಒರೆಸಿಕೊಳ್ಳುತ್ತಾ. "ಕೊಳ್ಳೋರಿಗೆ ಒಂದು ಮಾತು ಹೇಳಿ. ಬೇರೆ ದೋಣಿ ಪಕ್ಕಕ್ಕೆ ಹೋದಾಗ, ಹಗ್ಗ ಕೈಗೆ ಸಿಗೋವರೆಗೂ ಇಂಜಿನ್ ಆರಿಸಬಾರದು. ಆರಿಸಿದ್ರೆ ನೀರು ಎಳ್ಕೊಂಡು ಹೋಗುತ್ತೆ."

ಅವಳು ಅವನತ್ತ ತಿರುಗಿದಳು.

"ಆರಿಸಬಾರದಾ?"

"ಎಲ್ಲಾದ್ರೂ ಉಂಟಾ? ನಿಮ್ಮಪ್ಪನೇ ನನಗೆ ಕಲಿಸಿದ್ದು."

"ಅದಕ್ಕೇ ಆ ದಿನ..." ಸಾಲಿನ ಕೊನೆಯಲ್ಲಿದ್ದ ಅವನ ದೋಣಿಯತ್ತ ನೋಡಿದಳು. "ಅದಕ್ಕೇ ಆ ದಿನ ಆರಿಸಲಿಲ್ವಾ ನೀವು?"

"ಹಗ್ಗ ಬರಲಿ ಅಂತ ಕಾಯ್ತಿದ್ದೆ. ನೀವು ಕೊಡಲಿಲ್ಲ. ಒಪ್ಪಿಗೆ ಇಲ್ಲ ಅಂತ ತಿಳ್ಕೊಂಡೆ."

"ಇಂಜಿನ್ ಓಡ್ತಿರೋ ದೋಣಿಗೆ ಹೇಗೆ ಕೊಡಲಿ? ನೀರಿಗೆ ಬಿದ್ರೆ ಅಡಿಯ ಫ್ಯಾನಿಗೆ ಸುತ್ಕೊಳ್ಳುತ್ತೆ. ಆರಿಸಲಿ ಅಂತ ನಾನು ಕಾಯ್ತಿದ್ದೆ. ನನಗೂ ಅಪ್ಪನೇ ಕಲಿಸಿದ್ದು."

ಅವನು ಕೈ ಒರೆಸಿದ ಬಟ್ಟೆಯನ್ನು ಇಂಜಿನ್ನಿನ ಮೇಲಿಟ್ಟು ಕೂತ.

"ಅವರು ಇದ್ದಾಗ, 'ಆರಿಸು, ಎಸೀತಿದೀನಿ' ಅಂತ ಕೂಗೋರು," ಎಂದ ಅವನು ಮೆಲ್ಲಗೆ. "ನಾವಿಬ್ರೂ ಕೂಗಲಿಲ್ಲ."

"ಅಂಥ ಮಾತಿಗೆ ಹೆಣ್ಣುಮಗಳು ನದಿಯಲ್ಲಿ ನಿಂತು ಕೂಗಲಾ?"

"ನಾನಾದ್ರೂ ಕೂಗಬಹುದಿತ್ತು. ಕೇಳಬಾರದು ಅನ್ನೋ ರೂಢಿ ಹಿಡ್ಕೊಂಡು ನಿಂತೆ. ಆಮೇಲೆ ನಿಮ್ಮಪ್ಪ ಏನಾಯ್ತು ಅಂತ ಕೇಳಿದ್ರು. ಆ ಮಾತು ಎತ್ತಬೇಡಿ ಅಂತ ಕೈಮುಗಿದೆ."

"ನನ್ನನ್ನೂ ಕೇಳಿದ್ರು. ನಾನೂ ಹಾಗೇ ಹೇಳಿದೆ." ಅವಳ ಕೆನ್ನೆ ತೋಯ್ದಿತ್ತು. ಐದು ವಾರ ಬಾರದ ಕಣ್ಣೀರು. "ಇಬ್ಬರ ಮಾತೂ ಉಳಿಸಿಕೊಂಡು ಹೋಗಿಬಿಟ್ರು. ಒಂದ್ಸಲ ಮುರಿದಿದ್ರೆ ಏನಾಗ್ತಿತ್ತು..."

ಒಂಬತ್ತು ವರ್ಷಗಳನ್ನು ಯಾರು ತಿರುಗಿ ಕೊಡುತ್ತಾರೆ? ಹೊಳೆಯಲ್ಲಿ ಹೋದದ್ದು ಹೋಯಿತು. ಅವನು ಅವಳ ಅಳು ನಿಲ್ಲುವವರೆಗೂ ಎದುರಿಗೆ ಕೂತಿದ್ದ. ಈ ಸಲ ಎದ್ದು ಹೋಗಲಿಲ್ಲ.

"ನಾನು ಇನ್ನೂ ಒಬ್ಬನೇ ಇದೀನಿ," ಎಂದ ಕೊನೆಗೆ. "ನಿಮ್ಮನ್ನ ಮರೆಯೋಕೆ ಪ್ರಯತ್ನಪಟ್ಟೆ. ನನಗೆ ಇಂಜಿನ್ ಬಿಟ್ರೆ ಬೇರೆ ಯಾವ ಕೆಲಸವೂ ಸರಿಯಾಗಿ ಬರಲ್ಲ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ಸೋಮವಾರ ಕೊಳ್ಳೋರು ಬರ್ತಾರಲ್ಲ..." ಎಂದ.

"ಬೇಡ ಅಂತ ನೀವೇ ಹೇಳಿ ಕಳಿಸಿ."

"ನಾನಾ? ನಾನು ಯಾರು ಅಂತ ಕೇಳಿದ್ರೆ?"

"ಈ ಮನೆಯ ಅಳಿಯ ಅನ್ನಿ."

ಅವನು ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡ. ಒಳಗಿನಿಂದ ಅತ್ತೆ ಕೆಮ್ಮಿದ್ದು ಕೇಳಿತು. ಅವರು ನಿದ್ದೆ ಮಾಡಿರಲೇ ಇಲ್ಲ.

"ಅಪ್ಪನಿಗೆ ಹೇಳಬೇಕಿತ್ತು..." ಎಂದಳು ಅವಳು.

"ಹೇಳೋಣ. ಕೇಳಿಸೋನು ಒಬ್ಬ ಮೇಲಿದಾನೆ."

ಬಿಸಿಲು ಇಳಿಯುತ್ತಿತ್ತು. ಅಪ್ಪ ಕೊನೆಯ ಸಲ ಕೂತ ಜಾಗದೆದುರು ಇಬ್ಬರೂ ನಿಂತು ಕಣ್ಣು ಮುಚ್ಚಿದರು. ಅವನೇ ಬಾಯಿಬಿಟ್ಟು ಬೇಡಿಕೊಂಡ:

"ದೇವರೇ, ನಮ್ಮ ಬಿಗುಮಾನ ನೋಡಿ ನೋಡಿ ದಣಿದ ಜೀವ ಅದು. ನಮ್ಮ ತಪ್ಪನ್ನ ನಮಗೇ ಬಿಡು. ಅವರಿಗೆ ಇನ್ನು ಯಾವ ಚಿಂತೆಯೂ ಬೇಡ. ನಿನ್ನ ಪಾದದ ಹತ್ತಿರ ಜಾಗ ಕೊಡು, ಆ ಆತ್ಮಕ್ಕೆ ಶಾಂತಿ ಕೊಡು ತಂದೆ."