ಹಿಮ ಇಲ್ಲದಾಗ ಬಾ

ಗೇಟು ತಟ್ಟಲು ಎತ್ತಿದ ಜ್ಲಾತಿನಾಳ ಕೈ ಗಾಳಿಯಲ್ಲೇ ನಿಂತುಬಿಟ್ಟಿತು.

ಗೇಟಿನ ಮೇಲೆ ವೆಲ್ಕೊ ನಗುತ್ತಿದ್ದ!

ಅದೇ ಚೂಪು ಮೂಗು, ಅದೇ ಅಗಲ ಕಿವಿ, ಹುಬ್ಬಿನವರೆಗೆ ಎಳೆದ ಉಣ್ಣೆ ಟೋಪಿ, ಹೆಗಲ ಮೇಲೆ ಸ್ಕೀ ಹಲಗೆಗಳು. ಆದರೆ ಆ ನಗು ಇದ್ದದ್ದು ಕಪ್ಪು ಅಂಚಿನ ಕಾಗದದಲ್ಲಿ. ಫೋಟೊದ ಪಕ್ಕ ಒಂದು ಶಿಲುಬೆ. ಕೆಳಗೆ ದಪ್ಪ ಅಕ್ಷರಗಳಲ್ಲಿ, ‘ನೀನಿಲ್ಲದೆ ಆರು ತಿಂಗಳು. ನಮ್ಮ ಪ್ರೀತಿಯ ವೆಲ್ಕೊ ಬೆನ್ಕೊವ್’ ಎಂದಿತ್ತು. ಅದರ ಕೆಳಗೆ ಇನ್ನೂ ಏನೋ ಬರೆದಿತ್ತು. ಆದರೆ ಅದರ ಮೇಲೆ ಯಾರೋ ‘ರೂಮು ಬಾಡಿಗೆಗಿದೆ, ಬಿಸಿನೀರು ಉಂಟು’ ಎಂಬ ಚೀಟಿ ಅಂಟಿಸಿದ್ದರು.

ಸತ್ತವರ ನೆನಪಿಗೆ ಬಾಗಿಲಿಗೆ ಅಂಟಿಸುವ ಇಂಥ ಕಾಗದ ಅವಳಿಗೆ ಹೊಸದಲ್ಲ. ಪ್ಲೊವ್ದಿವ್‌ನಲ್ಲಿ ಅವಳು ವಾಸಿಸುವ ಕಟ್ಟಡದ ಬಾಗಿಲಲ್ಲೇ ಎರಡಿದ್ದವು. ದಿನಾ ಅವುಗಳ ಮುಖ ನೋಡುತ್ತಲೇ ಅವಳು ಬೀಗ ತೆಗೆಯುತ್ತಿದ್ದಳು. ಆದರೆ ಆ ಮುಖಗಳು ಯಾವತ್ತೂ ಅವಳನ್ನು ಹಿಮದಿಂದ ಎತ್ತಿರಲಿಲ್ಲವಲ್ಲ!

‘ಆರು ತಿಂಗಳು... ಅಂದರೆ ಮಾರ್ಚ್. ನಾನು ಹೋದ ಮೇಲೇ...’

ಗೇಟಿನ ಕಂಬಿ ಹಿಡಿದು ನಿಂತಳು.

ಮಾರ್ಚಿನಲ್ಲಿ ಅವಳು ಗೆಳತಿಯರ ಜೊತೆ ಇದೇ ಊರಿಗೆ, ಎಲೋವಿಟ್ಸಾಗೆ, ಸ್ಕೀ ಕಲಿಯಲು ಬಂದಿದ್ದಳು. ಕಲಿಸಿದವನು ವೆಲ್ಕೊ. ಒಂದು ವಾರ ಪೂರ್ತಿ ಅವಳು ಬಿದ್ದಳು, ಅವನು ಎತ್ತಿದ. ಹೊರಡುವ ದಿನ ಕೇಬಲ್ ಕಾರಿನಲ್ಲಿ ಅವಳ ಹಣೆಗೆ ಮುತ್ತಿಟ್ಟು, “ಹಿಮ ಇಲ್ಲದಾಗ ಬಾ, ಜ್ಲಾತಿನಾ,” ಎಂದಿದ್ದ.

ಅವಳು ನಕ್ಕುಬಿಟ್ಟಿದ್ದಳು! “ಹಿಮ ಇಲ್ಲದ ಊರಿಗೆ ಬಂದು ಏನು ಮಾಡಲಿ? ಹಸು ಕಾಯಲಾ?”

ಅದಾದ ಮೇಲೆ ಅವನ ಫೋನಿಲ್ಲ. ಇವಳೂ ಮಾಡಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಕೂತು ಗಿರಾಕಿಗಳಿಗೆ ಅಕ್ಷರ ಓದಿಸುತ್ತಾ, ಒಳಗೊಳಗೇ ಬೇಸಿಗೆಯೆಲ್ಲ ಬೆಂದಿದ್ದಳು. ಕೊನೆಗೆ ಮಾನ ಮರ್ಯಾದೆ ಎಲ್ಲ ಬದಿಗಿಟ್ಟು, ಸೆಪ್ಟೆಂಬರಿನಲ್ಲಿ, ಹಿಮದ ಒಂದು ಚೂರೂ ಇಲ್ಲದ ಊರಿಗೆ ರಜೆ ಹಾಕಿ ಬಂದರೆ... ಹೀಗಾ?

“ಯಾರಮ್ಮಾ? ರೂಮು ಬೇಕಿತ್ತಾ?”

ಪಕ್ಕದ ಅಂಗಳದಲ್ಲಿ ಕೆಂಪು ಮೆಣಸಿನಕಾಯಿ ಸುಡುತ್ತಿದ್ದ ಗೀನಾ ಆಸೆಯಿಂದ ಕತ್ತು ಉದ್ದ ಮಾಡಿದಳು. ಈ ತಿಂಗಳಲ್ಲಿ ಈ ಊರಿಗೆ ಬರುವವರು ದಾರಿ ತಪ್ಪಿದವರು ಮಾತ್ರ. ಹೋಟೆಲುಗಳ ಬಾಗಿಲಿಗೆ ಬೀಗ, ಬೆಟ್ಟ ಹತ್ತಿಸುವ ಕುರ್ಚಿ-ಲಿಫ್ಟಿನ ಕೆಳಗೆ ಕುರಿಗಳು. ಗೀನಾ ಮಾತ್ರ ಸಿಕ್ಕ ಸಿಕ್ಕಲ್ಲೆಲ್ಲ ರೂಮಿನ ಚೀಟಿ ಅಂಟಿಸುವುದನ್ನು ನಿಲ್ಲಿಸಿರಲಿಲ್ಲ.

“ವೆಲ್ಕೊ...” ಜ್ಲಾತಿನಾ ಕಾಗದದ ಕಡೆ ಬೆರಳು ತೋರಿಸಿದಳು.

“ಓ, ನಮ್ಮ ವೆಲ್ಕೊನಾ! ನಿದ್ದೇಲೇ ಹೋದ ಪುಣ್ಯಾತ್ಮ. ಹಿಂದಿನ ದಿನದವರೆಗೂ ಸ್ಕೀ ಬೂಟು ಬಿಚ್ಚಿರ್ಲಿಲ್ಲ, ಗೊತ್ತಾ? ಇವತ್ತೇ ತಿಥಿ. ಎಲ್ಲರೂ ಸ್ಮಶಾನಕ್ಕೆ ಹೋದ್ರು. ನಾನೂ ಹೊರಟೆ, ಇದೊಂದು ತಟ್ಟೆ ಮೆಣಸಿನಕಾಯಿ ಸುಟ್ಕೊಂಡು... ಅಯ್ಯೋ, ಅಳ್ತಿದ್ದೀಯಾ? ಬಾ ಬಾ, ನೀನೂ ಬಾ.”

*

ಸ್ಮಶಾನದಲ್ಲಿ ಹೆಂಗಸರೆಲ್ಲ ಸಮಾಧಿಯ ಸುತ್ತ ಕೂತು, ಬೇಯಿಸಿದ ಗೋಧಿಗೆ ಸಕ್ಕರೆ ಬೆರೆಸಿ ಹಂಚುತ್ತಿದ್ದರು. ಶಿಲುಬೆ ಹೂಗಳಲ್ಲಿ ಮುಚ್ಚಿಹೋಗಿತ್ತು. ನಡುವೆ ಮರದ ಚಮಚ ಹಿಡಿದು ಕೂತವಳು ಸ್ತಾನ್ಕಾ ಅಜ್ಜಿ. ಸ್ಕೀ ಕಲಿಸುವಾಗ ವೆಲ್ಕೊ ಹೇಳುತ್ತಿದ್ದ ಅವನ ಅಜ್ಜಿ! ಗಂಡ ಹೋದಾಗಿನಿಂದ ಆಕೆ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಬಂದವರಿಗೆ ಬಡಿಸುತ್ತಿದ್ದಳು, ಬೈಯುತ್ತಿದ್ದಳು, ಅಷ್ಟೆ.

“ತಗೋ ಮಗಳೇ. ಸತ್ತೋನನ್ನ ದೇವರು ಕ್ಷಮಿಸಲಿ ಅನ್ನು.” ಯಾರೆಂದು ಕೇಳದೆ ಅಜ್ಜಿ ಗೋಧಿಯ ಚಮಚ ಚಾಚಿದಳು.

ಅಷ್ಟೇ. ಜ್ಲಾತಿನಾಳ ದುಃಖದ ಕಟ್ಟೆ ಒಡೆಯಿತು! ಸಮಾಧಿಯ ಮೇಲೆ ಬಿದ್ದು ಬಿಕ್ಕಿದಳು.

“ವೆಲ್ಕೊ! ನಾನು ಬಂದೆ ಕಣೋ! ಹಿಮ ಇಲ್ಲದಾಗ ಬಾ ಅಂದಿದ್ಯಲ್ಲ, ಬಂದೆ! ನಾನು ಮೂರ್ಖಿ, ನಿನ್ನ ಮುಖ ನೋಡಿ ನಕ್ಕುಬಿಟ್ಟೆ... ನಿನ್ನನ್ನ ಎಷ್ಟು ಪ್ರೀತಿಸ್ತೀನಿ ಅಂತ ಒಂದು ಸಲವೂ ಹೇಳಲಿಲ್ವಲ್ಲೋ!”

ಚಮಚಗಳೆಲ್ಲ ಬಾಯಿಯ ಹತ್ತಿರ ನಿಂತವು.

“ಏನಂದೆ?” ಸ್ತಾನ್ಕಾ ಅಜ್ಜಿಯ ದನಿ ತಣ್ಣಗಿತ್ತು. “ಯಾರೇ ನೀನು?”

“ಮಾರ್ಚಲ್ಲಿ... ಅವನು ನನಗೆ ಸ್ಕೀ ಕಲಿಸಿದ, ಅಜ್ಜಿ. ಬಿದ್ದಾಗೆಲ್ಲ ಸೊಂಟ ಹಿಡಿದು ಎತ್ತುತ್ತಿದ್ದ...”

“ಸೊಂಟ!” ಅಜ್ಜಿಯ ಕಣ್ಣು ಕೆಂಡವಾಯಿತು. “ಬಗ್ಗಿ ಕಾಲುಚೀಲ ಹಾಕ್ಕೊಳ್ಳೋಕೆ ನಾನು ಬೇಕಾಗಿತ್ತು ಆ ಮನುಷ್ಯನಿಗೆ! ಇವಳ ಸೊಂಟ ಎತ್ತೋಕೆ ಬೆನ್ನು ಬಗ್ಗಿತಾ?”

ಜ್ಲಾತಿನಾ ಏನನ್ನೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. “ಕೇಬಲ್ ಕಾರಲ್ಲಿ... ಹಣೆಗೆ ಮುತ್ತು ಕೊಟ್ಟ...” ಎಂದು ಇನ್ನೂ ಜೋರಾಗಿ ಅತ್ತಳು.

“ಅಯ್ಯೋ ನನ್ನ ತಾಯಿ!” ಗೀನಾ ಶಿಲುಬೆ ಗುರುತು ಮಾಡಿಕೊಂಡಳು. “ಅದಕ್ಕೇ ಕಣೇ ಸ್ತಾನ್ಕಾ, ಮಾರ್ಚಲ್ಲಿ ಮೀಸೆ ಕತ್ತರಿಸ್ಕೊಂಡಿದ್ದ! ನಾನು ಅವತ್ತೇ ಅಂದ್ಕೊಂಡೆ!”

“ಬಾಯ್ಮುಚ್ಚೇ!”

ಸ್ತಾನ್ಕಾ ಅಜ್ಜಿ ಎದ್ದಳು. ಮರದ ಚಮಚ ಎತ್ತಿ ಸಮಾಧಿಯ ಮಣ್ಣಿಗೆ ರಪರಪ ಬಾರಿಸಿದಳು.

“ಏಳೋ! ಎದ್ದು ಬಾ! ಆರು ತಿಂಗಳಿಂದ ನಿನ್ನ ದಿಂಬು ತೆಗೆದಿಲ್ಲ ನಾನು! ದಿನಾ ಎರಡು ಲೋಟ ಕಾಫಿ ಮಾಡಿ, ಒಂದು ಚೆಲ್ತೀನಿ! ಬಂದು ಉತ್ತರ ಹೇಳೋ, ವೆಲ್ಕೊ!”

“ಏನಜ್ಜಿ? ಯಾಕೆ ಕೂಗ್ತಿದ್ದೀಯಾ?”

ಹಿಂದಿನಿಂದ ಒಂದು ದನಿ.

ಜ್ಲಾತಿನಾ ತಲೆಯೆತ್ತಿದಳು. ಕೈಯಲ್ಲಿ ವೈನಿನ ಹೂಜಿ ಹಿಡಿದು, ಚೂಪು ಮೂಗು, ಅಗಲ ಕಿವಿಯ ವೆಲ್ಕೊ ನಿಂತಿದ್ದ. ಮುಖ ಬಿಳಿಚಿತ್ತು. ಜೀವ ಮಾತ್ರ ಪೂರ್ತಿ ಇತ್ತು.

“ಆಆಆ!” ಹಿಂದಕ್ಕೆ ಸರಿದ ಜ್ಲಾತಿನಾ ಸೀದಾ ಗೋಧಿಯ ಪಾತ್ರೆಯೊಳಗೆ ಕೂತಳು.

ವೆಲ್ಕೊ ಅಭ್ಯಾಸದಂತೆ ಕೈ ಚಾಚಿದ. ಎಷ್ಟಾದರೂ ಆಕೆಯನ್ನು ಎತ್ತಿದವನಲ್ಲವೇ!

“ನೀನು... ಸತ್ತಿಲ್ವಾ?”

“ಇವತ್ತು ಬೆಳಿಗ್ಗೆವರೆಗಂತೂ ಸತ್ತಿರಲಿಲ್ಲ,” ಎಂದ ವೆಲ್ಕೊ. “ಸತ್ತಿದ್ದು ನಮ್ಮಜ್ಜ, ಜ್ಲಾತಿನಾ. ನನಗೂ ಅವನದೇ ಹೆಸರು.”

“ಫೋಟೊದಲ್ಲಿ ನೀನೇ ಇದ್ದೆ!”

“ಅದು ನನ್ನ ಗಂಡ!” ಅಜ್ಜಿ ಎದೆ ಸೆಟೆಸಿದಳು. “ಮದುವೆಯಾದ ವರ್ಷದ ಫೋಟೊ. ಹಲ್ಲಿಲ್ಲದ ಮುಖಾನ ಊರ ಗೋಡೆ ಮೇಲೆಲ್ಲ ಅಂಟಿಸೋಕೆ ನಾನೇನು ಅವನ ಶತ್ರುವಾ? ವಯಸ್ಸು ಎಂಬತ್ತನಾಲ್ಕು ಅಂತ ಕೆಳಗೆ ಬರೆಸಿದ್ದೀನಲ್ಲ!”

“ಅಲ್ಲಿ... ಬಿಸಿನೀರು ಉಂಟು ಅಂತಿತ್ತು,” ಎಂದಳು ಜ್ಲಾತಿನಾ ಸಣ್ಣ ದನಿಯಲ್ಲಿ.

ಎಲ್ಲರ ಕಣ್ಣೂ ಗೀನಾಳ ಮೇಲೆ ಬಿತ್ತು. ಗೀನಾ ಮೆಣಸಿನಕಾಯಿ ತಟ್ಟೆಯನ್ನು ಮುಖಕ್ಕೆ ಅಡ್ಡ ಹಿಡಿದಳು.

ಸ್ತಾನ್ಕಾ ಅಜ್ಜಿ ಮೆಲ್ಲಗೆ ಕೂತು, ಚಮಚದ ಏಟು ಬಿದ್ದ ಮಣ್ಣನ್ನು ಕೈಯಿಂದ ಸವರಿದಳು.

“ಮಲಗು, ಮಲಗು... ಗೊತ್ತಾಗ್ಲಿಲ್ಲ ಕಣೋ. ನೋವಾಯ್ತಾ?” ಎನ್ನುತ್ತಿದ್ದಂತೆ ಆರು ತಿಂಗಳಿಂದ ತಡೆದದ್ದೆಲ್ಲ ಹರಿದು ಬಂತು. ಅತ್ತಳು, ಅಳುತ್ತಲೇ ನಕ್ಕಳು. “ಆದರೂ ನೋಡಿದ್ರೇನ್ರೇ? ಪೇಟೆ ಹುಡುಗಿ ಫೋಟೊ ನೋಡೇ ಬಿದ್ದು ಅಳೋ ಹಾಗಿದ್ದ ನನ್ನ ಗಂಡ!”

ಸ್ಮಶಾನವೆಲ್ಲ ಹೊಟ್ಟೆ ಹಿಡಿದು ನಕ್ಕಿತು. ಜ್ಲಾತಿನಾ ಮಾತ್ರ, ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎಂದುಕೊಂಡಳು. ಲಂಗಕ್ಕೆ ಅಂಟಿದ ಗೋಧಿಯ ಸಮೇತ ಓಡಿದಳು.

*

ಕುರ್ಚಿ-ಲಿಫ್ಟಿನ ಕೆಳಗಿನ ಹುಲ್ಲಿನ ಇಳಿಜಾರಿನಲ್ಲಿ ವೆಲ್ಕೊ ಅವಳನ್ನು ಹಿಡಿದ.

“ನಿಲ್ಲೇ! ಎಲ್ಲಿಗೆ?”

“ಬಸ್ಸಿಗೆ! ಬಿಡು ನನ್ನ! ಇಡೀ ಊರು ನಗ್ತಿದೆ!”

“ನಗಲಿ ಬಿಡು. ಈ ಕಾಲದಲ್ಲಿ ಇಲ್ಲಿ ಇನ್ನೇನಿದೆ ಅವರಿಗೆ?” ಅವನು ಏದುಸಿರು ಬಿಡುತ್ತಿದ್ದ. “ಕನ್ನಡಕ ಮಾರೋಳು ನೀನು, ಫೋಟೊ ಹಳೇದು ಅಂತ ಕಾಣಲಿಲ್ವಾ?”

“ಕಣ್ಣಲ್ಲಿ ನೀರಿತ್ತು ಕಣೋ!” ಸಿಟ್ಟಿನಿಂದ ಅವಳ ದನಿ ಒಡೆಯಿತು. “ನಿನ್ನ ಅಜ್ಜನ ಹೆಸರು ನಿನಗೆ ಅಂತ ಹೊಳೀಲೇ ಇಲ್ಲ. ನನಗೂ ಅಜ್ಜಿ ಹೆಸರೇ ಇಟ್ಟಿರೋದು, ಆದ್ರೂ ಹೊಳೀಲಿಲ್ಲ! ಫೋನ್ ಯಾಕೆ ಮಾಡಲಿಲ್ಲ ನೀನು?”

ವೆಲ್ಕೊನ ಮುಖದ ತುಂಟತನ ಹೋಯಿತು.

“ನೀನು ಹೋದ ವಾರವೇ ಅಜ್ಜ ಹೋದ. ನನಗೆ ಸ್ಕೀ ಕಲಿಸಿದ್ದು ಅವನೇ. ಎಷ್ಟು ಸಲ ಫೋನ್ ಕೈಗೆತ್ತಿಕೊಂಡೆನೋ... ಪ್ರತಿ ಸಲ ನಿನ್ನ ಆ ನಗು ನೆನಪಾಗ್ತಿತ್ತು. ಇನ್ನೊಂದು ಸಲ ನಕ್ಕರೆ ತಡ್ಕೊಳ್ಳೋ ಶಕ್ತಿ ಇರಲಿಲ್ಲ ನನಗೆ.”

“ನಾನು ಹೆದರಿ ನಕ್ಕಿದ್ದು, ವೆಲ್ಕೊ. ಸ್ಕೀ ಕಲಿಸೋರು ವಾರಕ್ಕೊಬ್ಬಳಿಗೆ ಇದೇ ಮಾತು ಹೇಳ್ತಾರೆ ಅಂದಿದ್ರು ಗೆಳತಿಯರು.”

“ವಾರಕ್ಕೊಬ್ಬಳಿಗೆ ಹೇಳೋ ಮಾತು ಬೇರೆ. ಹಿಮ ಇಲ್ಲದಾಗ ಬಾ ಅಂತ ಯಾರಾದ್ರೂ ಹೇಳ್ತಾರಾ? ಆಗ ನಮ್ಮ ಹತ್ರ ತೋರಿಸಿಕೊಳ್ಳೋಕೆ ಏನೂ ಇರಲ್ಲ. ನಾನು ಬೇಲಿಗೆ ಬಣ್ಣ ಹೊಡೀತಾ, ಅಜ್ಜಿ ಹತ್ರ ಬೈಸಿಕೊಳ್ತಾ ಇರ್ತೀನಿ. ಆ ವೆಲ್ಕೊನ ನೋಡೋಕೆ ಬರ್ತೀಯಾ ಅಂತ ಕೇಳಿದ್ದು.”

ಅವಳು ಅವನನ್ನೇ ನೋಡಿದಳು. ಅವನ ತೋಳಿನ ಮೇಲೆ ನಿಜಕ್ಕೂ ಹಸಿರು ಬಣ್ಣದ ಕಲೆಗಳಿದ್ದವು.

“ಬಂದಿದ್ದೀನಲ್ಲ,” ಎಂದಳು.

“ಹಾಗಾದ್ರೆ ಹೇಳು. ಅಲ್ಲಿ ನಮ್ಮಜ್ಜನಿಗೆ ಹೇಳಿದ್ಯಲ್ಲ, ಅದು.”

“ಥೂ, ಹೋಗೋ! ನಾಚಿಕೆ ಆಗುತ್ತೆ.”

“ಸತ್ತವರಿಗೆ ಮಾತ್ರ ಹೇಳೋದಾ? ಸರಿ ಬಿಡು!” ಅವನು ಹುಲ್ಲಿನ ಮೇಲೆ ಉದ್ದಕ್ಕೆ ಮಲಗಿ, ಎದೆಯ ಮೇಲೆ ಕೈಕಟ್ಟಿ ಕಣ್ಣು ಮುಚ್ಚಿದ.

“ಅಪಶಕುನ! ಏಳೋ!”

ಅವನು ಮಿಸುಕಲಿಲ್ಲ. ಬೆಳಿಗ್ಗೆ ಗೇಟಿನ ಮುಂದೆ ನಿಂತಾಗಿನ ಭಯ ಅವಳಿಗೆ ಮತ್ತೆ ನೆನಪಾಯಿತು. ‘ಹೇಳದೆ ಉಳಿದೇ ಹೋಗ್ತಿತ್ತಲ್ಲ...’ ಮಂಡಿಯೂರಿ, ಆ ಅಗಲ ಕಿವಿಯ ಹತ್ತಿರ ಬಗ್ಗಿದಳು.

“ನಿನ್ನನ್ನ ಪ್ರೀತಿಸ್ತೀನಿ, ವೆಲ್ಕೊ.”

“ಕೇಳಿಸ್ಲಿಲ್ಲ. ಅಲ್ಲಿ ಜೋರಾಗಿ ಹೇಳಿದ್ಯಲ್ಲ.”

“ಪ್ರೀತಿಸ್ತೀನಿ ಕಣೋ, ಕತ್ತೆ!”

ಅವಳ ಕೂಗು ಬೆಟ್ಟಕ್ಕೆ ಬಡಿದು ವಾಪಸು ಬಂತು. ಕುರಿಗಳು ತಲೆಯೆತ್ತಿದವು. ಕೆಳಗೆ ಸ್ಮಶಾನದ ಬೇಲಿಯ ಹತ್ತಿರದಿಂದ ಸ್ತಾನ್ಕಾ ಅಜ್ಜಿಯ ದನಿ ಕೇಳಿಸಿತು.

“ನಮಗೆಲ್ಲ ಕೇಳಿಸ್ತು ಕಣೋ! ಏಳು, ಅವಳನ್ನ ಊಟಕ್ಕೆ ಕರ್ಕೊಂಡು ಬಾ!”

ವೆಲ್ಕೊ ಕಣ್ಣು ತೆರೆದ. ಅವು ಒದ್ದೆಯಾಗಿದ್ದವು.

“ನಾನೂ,” ಎಂದ. “ನೀನು ಮೊದಲ ಸಲ ಬಿದ್ದ ದಿನದಿಂದ.”

ದೂರದಲ್ಲಿ ಬಸ್ಸು ಹಾರ್ನ್ ಹೊಡೆಯಿತು.

“ನನ್ನ ಬಸ್ಸು...”

“ಹೋಗಲಿ. ಗೀನಾ ಹತ್ರ ರೂಮಿದೆ. ಹಿಮ ಬೀಳೋವರೆಗೂ ನನಗೇನೂ ಕೆಲಸ ಇಲ್ಲ.”

“ಹಿಮ ಬಿದ್ದ ಮೇಲೆ?”

ಅವನು ಅವಳ ಲಂಗಕ್ಕೆ ಅಂಟಿದ್ದ ಒಂದು ಗೋಧಿಕಾಳನ್ನು ಮೆಲ್ಲಗೆ ಬಿಡಿಸಿದ.

“ಆಮೇಲೆ ನಿನ್ನನ್ನ ಎತ್ತೋದೇ ಕೆಲಸ.”