ಗೋಡೆ ಪಕ್ಕದ ಸಾಲು

"ಅಪ್ಪ ಸ್ಟೇಷನ್‌ನಲ್ಲಿದ್ದಾರೆ, ಚಿಕ್ಕಪ್ಪ ಆಸ್ಪತ್ರೇಲಿದ್ದಾರೆ. ನಾನು ಯಾವ ಕಡೆ ಓಡ್ಲಿ ಅಮ್ಮಾ?"

ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಎರಡು ಕೈಯಲ್ಲೂ ಊಟದ ಡಬ್ಬಿಗಳಿದ್ದವು. ನಮ್ಮ ಹಿಂದಿನ ಬೀದಿಯ ಮೇಸ್ತ್ರಿಯ ಮಗಳು.

ಅತ್ತೆ ಪೇಪರ್ ಮಡಚಿಟ್ಟರು. ಅವರು ನಿವೃತ್ತ ಸಿವಿಲ್ ಇಂಜಿನಿಯರ್. ಗೋಡೆ ಯಾಕೆ ಬಿರುಕು ಬಿಟ್ಟಿತು, ಮಾಡು ಯಾಕೆ ಕುಸಿಯಿತು ಎಂದು ಕೇಳಿಕೊಂಡು ಜನ ಆಗಲೂ ಬರುತ್ತಿದ್ದರು. ಒಮ್ಮೊಮ್ಮೆ ಪೊಲೀಸರೂ ಬರುತ್ತಿದ್ದರು. ನನ್ನ ಗಂಡ ತೀರಿಹೋದ ಮೇಲೆ ಅತ್ತೆ ಅಂಥ ಕಡೆಗೆಲ್ಲ ನನ್ನನ್ನೂ ಕರೆದೊಯ್ಯುತ್ತಿದ್ದರು. ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು ಎನ್ನುತ್ತಿದ್ದರು. ನಾನು ಹಿಡಿಯುತ್ತಿದ್ದೆ.

"ಮೊದಲು ಉಸಿರು ತಗೋ. ಏನಾಯ್ತು?" ಎಂದರು ಅತ್ತೆ.

"ಔಷಧಿ ಅಂಗಡಿಯವರ ಹೊಸ ಮನೆ ಅಮ್ಮಾ. ಬಾಲ್ಕನಿ ಅಡಿಗೆ ಆನಿಸಿದ್ದ ಸೆಂಟ್ರಿಂಗ್ ಹಲಗೆ ಬಿಚ್ಚಿದ್ರು. ಬಿಚ್ಚಿದ್ದೇ ತಡ, ಪೂರ್ತಿ ಕೆಳಗೆ ಬಂತು. ಚಿಕ್ಕಪ್ಪ ಅದರಡಿ ಸಿಕ್ಕಿಹಾಕ್ಕೊಂಡ್ರು. ಇನ್ನೂ ಕಣ್ಣು ಬಿಟ್ಟಿಲ್ಲ. ಅಪ್ಪ ಕಂಬಿ ಕದ್ದಿದ್ದಕ್ಕೇ ಬಿತ್ತು ಅಂತ ಮಾಲೀಕರ ಅಣ್ಣ ಕಂಪ್ಲೇಂಟ್ ಕೊಟ್ಟಿದ್ದಾರೆ."

"ಅಪ್ಪ ಏನಂತಾರೆ?"

"'ಎಲ್ಲಾ ಚೇರೂ ಇಟ್ಟಿದ್ದೆ, ನಾನೇ ಕಟ್ಟಿದ್ದೆ.' ಅಷ್ಟೇ. ಬೇರೆ ಮಾತೇ ಇಲ್ಲ."

ಚೇರ್ ಎಂದರೆ ಕೂರುವ ಕುರ್ಚಿಯಲ್ಲ. ಕಾಂಕ್ರೀಟ್ ಸುರಿಯುವಾಗ ಮೇಲಿನ ಕಂಬಿಗಳು ಕುಸಿಯದಂತೆ ಅಡಿಯಲ್ಲಿ ನಿಲ್ಲಿಸುವ, ಬಗ್ಗಿಸಿದ ಕಬ್ಬಿಣದ ತುಂಡು.

"ಸರಿ, ಆ ಚೇರುಗಳನ್ನೇ ಹುಡುಕೋಣ," ಎಂದು ಅತ್ತೆ ಎದ್ದರು. "ಸುತ್ತಿಗೆ ತಗೋ," ಎಂದರು ನನಗೆ.

ಹೊಸ ಮನೆಯ ಮುಂದೆ ಇನ್ಸ್‌ಪೆಕ್ಟರ್ ಇದ್ದರು. ಮಾಲೀಕರೂ ಅವರ ಅಣ್ಣನೂ ಇದ್ದರು; ಕೆಲಸದ ಉಸ್ತುವಾರಿಯೆಲ್ಲ ಅಣ್ಣನದೇ.

"ಇಂಜಿನಿಯರ್ ಬೇಡ ಅಂದವನು ನಾನೇ," ಎಂದು ಅವರು ಎದೆ ಸೆಟೆಸಿದರು. "ಮೂರು ಮನೆ ಕಟ್ಟಿಸಿದೀನಿ ಮೇಡಂ. ಒಂದಾದ್ರೂ ಬಿದ್ದಿದ್ಯಾ?"

"ಬಿದ್ದಿಲ್ಲ ಅನ್ನೋದಕ್ಕೆ ಅದೃಷ್ಟ ಅಂತ ಇನ್ನೊಂದು ಹೆಸರಿದೆ," ಎಂದರು ಅತ್ತೆ.

ನಾವು ಮೇಲೆ ಹೋದೆವು. ಮೆಟ್ಟಿಲಿಗೆ ಇನ್ನೂ ಕಟಕಟೆ ಇರಲಿಲ್ಲ. ಬಾಲ್ಕನಿಗೆ ತೆರೆಯಬೇಕಿದ್ದ ಮಹಡಿಯ ಕೋಣೆಯ ಬಾಗಿಲು ಈಗ ಬರೀ ಗಾಳಿಗೆ ತೆರೆದಿತ್ತು. ಅಣ್ಣ ಹೊಸ್ತಿಲ ಅಂಚಿನಲ್ಲೇ ನಿಂತು, ಹೊರಗೆ ಬಾಗಿ, ಬಿದ್ದದ್ದನ್ನು ಬೆರಳು ಮಾಡಿ ತೋರಿಸಿದರು. ಮಾಲೀಕರು ಅರ್ಧ ಮೆಟ್ಟಿಲಿಗೇ ನಿಂತುಬಿಟ್ಟಿದ್ದರು, ಎರಡೂ ಅಂಗೈ ಗೋಡೆಗೆ ಒತ್ತಿ.

"ನನ್ನ ತಮ್ಮನಿಗೆ ಸ್ಟೂಲ್ ಹತ್ತಿದ್ರೂ ತಲೆ ತಿರುಗುತ್ತೆ," ಎಂದು ಅಣ್ಣ ನಕ್ಕರು. "ಅದಕ್ಕೇ ಮೇಲಿನ ಕೆಲಸ ಎಲ್ಲಾ ನಾನೇ ನೋಡ್ಕೊಂಡೆ. ಕಾಂಕ್ರೀಟ್ ಸುರೀರಿ ಅಂತ ಹೇಳಿದವನೂ ನಾನೇ."

ಕೆಳಗೆ ಬಂದು ಅತ್ತೆ ಮುರಿದ ಕಾಂಕ್ರೀಟಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. ಅದರ ಮೇಲೆ ಕಂದು ಕಲೆಯೊಂದಿತ್ತು. ನಾನು ಅದನ್ನು ನೋಡಿದೆ, ಆಮೇಲೆ ಟೇಪನ್ನು ನೋಡಿದೆ. ಕಂಬಿಗಳ ದಪ್ಪ ಅಳೆದೆವು, ನಡುವಿನ ಅಂತರ ಅಳೆದೆವು.

"ಕಂಬಿ ಒಂದೂ ಕಮ್ಮಿ ಇಲ್ಲ," ಎಂದರು ಅತ್ತೆ.

"ಮತ್ತೆ ಯಾಕೆ ಬಿತ್ತು?" ಎಂದರು ಇನ್ಸ್‌ಪೆಕ್ಟರ್.

ಅತ್ತೆ ಉತ್ತರ ಕೊಡದೆ ಹೊರ ಅಂಚನ್ನು ಸುತ್ತಿಗೆಯಿಂದ ಒಡೆದರು. ಒಂದು ಚೇರ್ ಕಂಡಿತು. ಪಕ್ಕದಲ್ಲಿ ಒಡೆದರೆ ಇನ್ನೊಂದು. ಆ ಸಾಲು ಪೂರ್ತಿ ಇತ್ತು. ಗೋಡೆಯ ಪಕ್ಕಕ್ಕಿದ್ದ ಕಡೆ ಒಂದೂ ಇರಲಿಲ್ಲ. ಅಲ್ಲಿ ಕಂಬಿಗಳು ಕಾಂಕ್ರೀಟಿನ ತಳ ಹಿಡಿದು ಮಲಗಿದ್ದವು. ಅವಕ್ಕೆ ಸುತ್ತಿದ ಕಟ್ಟುತಂತಿಯ ಚೂರುಗಳು ಮಾತ್ರ ಉಳಿದಿದ್ದವು.

"ತುದಿ ನೋಡು," ಎಂದರು ನನಗೆ.

ತಂತಿಯ ಗಂಟು ಬಿಚ್ಚಿರಲಿಲ್ಲ. ಯಾವುದೋ ಮೊಂಡು ಬಾಯಿ ಕಚ್ಚಿ ಕಚ್ಚಿ ತುಂಡರಿಸಿದಂತೆ ತುದಿಗಳು ಚಪ್ಪಟೆಯಾಗಿದ್ದವು.

"ಅಯ್ಯೋ, ತಲೆ ಸಿಡೀತಿದೆ," ಎಂದು ಅತ್ತೆ ಹಣೆ ಹಿಡಿದುಕೊಂಡರು. "ಅಂಗಡಿಯವರೇ, ಒಂದು ಮಾತ್ರೆ ಇದ್ರೆ ಕೊಡಿ."

ಮಾಲೀಕರ ಕುಟುಂಬ ಪಕ್ಕದ ಬಾಡಿಗೆ ಮನೆಯಲ್ಲೇ ಇತ್ತು; ಅಲ್ಲಿಗೆ ಹೋದೆವು. ಹಿತ್ತಲಲ್ಲಿ ಅವರ ಹೆಂಡತಿ ನೀರಿನ ಡ್ರಮ್ಮಿನಿಂದ ಚೊಂಬು ತುಂಬಿಸಿ ಕೊಟ್ಟರು. ಡ್ರಮ್ ಹಲಗೆಯ ಮೇಲಿತ್ತು, ಹಲಗೆ ಬಗ್ಗಿಸಿದ ಕಬ್ಬಿಣದ ಕಾಲುಗಳ ಮೇಲೆ. ಆ ಮನೆಯಲ್ಲಿ ಏನನ್ನೂ ಎಸೆಯುತ್ತಿರಲಿಲ್ಲ: ಔಷಧಿ ಬಾಟಲಿಗಳಲ್ಲಿ ಗಿಡ, ರಟ್ಟಿನ ಪೆಟ್ಟಿಗೆಗಳಲ್ಲಿ ಬಟ್ಟೆ. ಮಾಲೀಕರು ಅಂಗಡಿಯ ಕತ್ತರಿಯಿಂದ ಮಾತ್ರೆಯ ಪಟ್ಟಿ ಕತ್ತರಿಸಹೋದರು. ಕತ್ತರಿ ನಡುವೆ ಸಿಕ್ಕಿಕೊಂಡಿತು. ಕೈಯಲ್ಲೇ ಹರಿದುಕೊಟ್ಟರು.

ಅತ್ತೆ ನೀರು ಕುಡಿದರು. ಮಾತ್ರೆ ಸೆರಗಿನ ಗಂಟು ಸೇರಿತು.

"ಮೇಸ್ತ್ರಿಯನ್ನ ಕರೆಸಿ," ಎಂದರು ಇನ್ಸ್‌ಪೆಕ್ಟರಿಗೆ. "ಎಲ್ಲರ ಮುಂದೆ ಹೇಳ್ತೀನಿ."

ಸಂಜೆಗೆ ಮುಂಚೆ ಎಲ್ಲರೂ ಹೊಸ ಮನೆಯ ಹಾಲ್‌ನಲ್ಲಿ ಸೇರಿದೆವು. ಮೇಸ್ತ್ರಿ ಕಾನ್‌ಸ್ಟೇಬಲ್ ಪಕ್ಕ ತಲೆ ತಗ್ಗಿಸಿ ನಿಂತಿದ್ದರು. ಮಗಳು ಅವರ ತೋಳು ಬಿಡಲಿಲ್ಲ.

"ಇನ್ಸ್‌ಪೆಕ್ಟರೇ, ಕೈ ಮುಂದಕ್ಕೆ ಚಾಚಿ." ಅತ್ತೆ ಆ ಕೈಗೆ ತಮ್ಮ ಚೀಲ ನೇತುಹಾಕಿದರು. ಚೀಲದಲ್ಲಿ ಸುತ್ತಿಗೆ ಇತ್ತು. "ಎಲ್ಲಿ ಎಳೀತಿದೆ?"

"ಭುಜದ ಮೇಲ್ಗಡೆ ಮೇಡಂ. ಇಳಿಸಬಹುದಾ?"

"ಇನ್ನೂ ಸ್ವಲ್ಪ ಹೊತ್ತು. ಬಾಲ್ಕನಿಗೆ ಮುಂದುಗಡೆ ಕಂಬ ಇಲ್ಲ. ಗೋಡೆಯಿಂದ ಚಾಚಿದ ಕೈ ಅದು. ಗೋಡೆ ಹತ್ತಿರ, ಮೇಲ್ಗಡೆ, ಅಲ್ಲೇ ಎಳೆತ. ಕಂಬಿ ಅಲ್ಲೇ ಇರಬೇಕು. ಮೇಸ್ತ್ರಿ ಅಲ್ಲೇ ಇಟ್ಟಿದ್ರು. ತಂತಿ ಚೂರುಗಳೇ ಸಾಕ್ಷಿ. ಆಮೇಲೆ ಯಾರೋ ತಂತಿ ಕತ್ತರಿಸಿ ಚೇರ್ ಎಳ್ಕೊಂಡ್ರು. ಕಂಬಿ ತಳಕ್ಕೆ ಕೂತ್ಕೊಂಡ್ತು. ಅದರ ಮೇಲೆ ಕಾಂಕ್ರೀಟ್ ಬಿತ್ತು."

"ಯಾರು?" ಎಂದರು ಇನ್ಸ್‌ಪೆಕ್ಟರ್, ಕೈ ಇಳಿಸುತ್ತ.

"ಕೆಲಸದವರಾಗಿದ್ರೆ ಇಕ್ಕಳ ಹಾಕಿ ಗಂಟು ಬಿಚ್ಚೋರು. ಇವರ ಅಣ್ಣ ಆಗಿದ್ರೆ ತುದೀವರೆಗೂ ಕೋತಿ ಹಾಗೆ ಓಡಾಡಿ ಎಲ್ಲಾ ಬಾಚ್ಕೊಂಡು ಬರೋರು. ಹೊರಗಿನ ಸಾಲು ಹಾಗೇ ಇದೆ. ಹೋಗಿರೋದು ಹೊಸ್ತಿಲಿನ ಒಳಗೆ ಕೂತು, ಗೋಡೆ ಬಗಲಿಗೆ ಕೈ ಚಾಚಿದ್ರೆ ಸಿಗೋ ಸಾಲು ಮಾತ್ರ. ಅಂದ್ರೆ ತೆಗೆದವರಿಗೆ ಎತ್ತರ ಕಂಡ್ರೆ ಭಯ. ಅವರ ಹತ್ತಿರ ಇಕ್ಕಳ ಇರಲಿಲ್ಲ, ಕತ್ತರಿ ಇತ್ತು. ತಂತಿ ಕಡಿದ ಕತ್ತರಿ ಆಮೇಲೆ ಮಾತ್ರೆ ಪಟ್ಟೀನೂ ಕತ್ತರಿಸಲ್ಲ." ಅತ್ತೆ ಸೆರಗಿನ ಗಂಟು ಬಿಚ್ಚಿ, ಹರಿದ ಪಟ್ಟಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. "ಕಾಣೆಯಾದ ಚೇರುಗಳು ನೀರಿನ ಡ್ರಮ್ ಹೊತ್ಕೊಂಡಿವೆ. ಎತ್ತರ ಹೊರಗಿನ ಸಾಲಿನಷ್ಟೇ. ಅಳೆದು ನೋಡಿ."

ಮಾಲೀಕರ ಹೆಂಡತಿ ಗಂಡನ ಕಡೆ ತಿರುಗಿದರು.

"ಡ್ರಮ್ಮಿಗೊಂದು ಸ್ಟ್ಯಾಂಡ್ ಬೇಕು ಅಂತ ನಾನೇ ಪೀಡಿಸ್ತಿದ್ದೆ. ಕೆಲಸದವರು ಕೊಟ್ರು ಅಂದಿದ್ರಲ್ಲ ನೀವು?"

"ಕಾಂಕ್ರೀಟ್ ಸುರಿಯೋ ದಿನ ಅವರೆಲ್ಲ ಊಟಕ್ಕೆ ಹೋಗಿದ್ರು," ಎಂದರು ಮಾಲೀಕರು, ನೆಲ ನೋಡುತ್ತ. "ಕಾಂಕ್ರೀಟಿನಲ್ಲಿ ಹೂತುಹೋಗೋ ಕಬ್ಬಿಣ, ದಂಡ ಅಲ್ವಾ ಅನ್ನಿಸ್ತು. ಹೊರಗಿನ ಸಾಲು ಇದ್ಯಲ್ಲ, ಸಾಕು ಅಂದ್ಕೊಂಡೆ. ದೇವರಾಣೆ, ಬೀಳುತ್ತೆ ಅಂತ ಗೊತ್ತಿರಲಿಲ್ಲ."

"ನಿಜ, ಗೊತ್ತಿರಲಿಲ್ಲ. ಬಿದ್ದ ಮೇಲೆ?" ಎಂದರು ಅತ್ತೆ.

"ಮೇಸ್ತ್ರಿ 'ಚೇರ್ ಇಟ್ಟಿದ್ದೆ' ಅಂತ ಕೂಗಿದಾಗ ಗೊತ್ತಾಯ್ತು."

"ಆಮೇಲೂ ಸುಮ್ಮನಿದ್ರಿ. ಅದೊಂದೇ ನೀವು ತಿಳಿದು ಮಾಡಿದ್ದು."

ಅಣ್ಣ ತಮ್ಮನನ್ನು ಗದರಲು ಬಾಯಿ ತೆರೆದರು.

"ನೀವು ಸುಮ್ಮನಿರಿ," ಎಂದರು ಅತ್ತೆ. "ಸುರೀರಿ ಅನ್ನೋ ಮುಂಚೆ ಬಗ್ಗಿ ನೋಡಿದ್ರಾ?"

"ಕಂಬಿ ಇತ್ತಲ್ಲ ಮೇಡಂ..."

"ಇತ್ತು. ಎಲ್ಲಿರಬೇಕು ಅಂತ ನಿಮಗೆ ಗೊತ್ತಿರಲಿಲ್ಲ. ಗೊತ್ತಿದ್ದವರನ್ನ ಬೇಡ ಅಂದ್ರಿ. ಸುರಿಯೋಕೆ ಮುಂಚೆ ಒಬ್ಬ ಇಂಜಿನಿಯರ್ ಬಂದು ಹೊಸ್ತಿಲಲ್ಲಿ ನಿಂತಿದ್ರೆ ಸಾಕಿತ್ತು. ನಿಲ್ಲಿಸಿ ಅಂತಿದ್ರು. ಅವರಿರೋದೇ ಆ ಒಂದು ಮಾತಿಗೆ."

ಮೇಸ್ತ್ರಿ ಮೊದಲ ಸಲ ತಲೆ ಎತ್ತಿದರು. "ನಾನೂ ನೋಡ್ಲಿಲ್ಲಮ್ಮ. ಬೆಳಿಗ್ಗೆ ಕಟ್ಟಿದ್ದೆ, ಇರುತ್ತೆ ಅಂದ್ಕೊಂಡು ಕೆಳಗೆ ಮಿಕ್ಸರ್ ಹತ್ರ ನಿಂತಿದ್ದೆ."

"ಹೌದು," ಎಂದರು ಅತ್ತೆ. ಸಮಾಧಾನದ ಮಾತು ಸೇರಿಸಲಿಲ್ಲ. ಅವರು ಯಾರಿಗೂ ಸೇರಿಸುತ್ತಿರಲಿಲ್ಲ; ಗಂಡ ಹೋದಾಗ ನನಗೂ ಸೇರಿಸಿರಲಿಲ್ಲ.

ಇನ್ಸ್‌ಪೆಕ್ಟರ್ ಮೇಸ್ತ್ರಿಯನ್ನು ಬಿಟ್ಟರು. ಅಷ್ಟರಲ್ಲಿ ಹುಡುಗಿಯ ಫೋನ್ ಬಡಿದುಕೊಂಡಿತು. ಅವಳು ಕೇಳಿಸಿಕೊಂಡಳು, ಅಲ್ಲೇ ನೆಲದ ಮೇಲೆ ಕುಸಿದು ಕೂತಳು.

"ಚಿಕ್ಕಪ್ಪ ಕಣ್ಣು ಬಿಟ್ರಂತೆ. ಅಪ್ಪ ಎಲ್ಲಿ ಅಂತ ಕೇಳ್ತಿದ್ದಾರಂತೆ."

"ಸ್ಟೇಷನ್ನಿಗೆ ಆಮೇಲೆ ಬರ್ತೀನಿ ಸಾರ್," ಎಂದರು ಮಾಲೀಕರು. "ಮೊದಲು ಅಲ್ಲಿಗೆ ಕರ್ಕೊಂಡು ಹೋಗಿ. ಅವರಿಗೆ ನಾನೇ ಹೇಳ್ಬೇಕು."

ಆಸ್ಪತ್ರೆಯ ಲಿಫ್ಟ್ ಕೆಟ್ಟಿತ್ತು. ವಾರ್ಡ್ ಕೊನೆಯ ಮಹಡಿಯಲ್ಲಿತ್ತು. ಮೆಟ್ಟಿಲುಗಳ ನಡುವೆ ಕೆಳಗಿನವರೆಗೂ ಖಾಲಿ. ಮೇಸ್ತ್ರಿ ಎರಡೆರಡು ಮೆಟ್ಟಿಲು ಹತ್ತಿ ಕಣ್ಮರೆಯಾದರು. ಮಾಲೀಕರು ಗೋಡೆ ಹಿಡಿದು ಒಂದೊಂದಾಗಿ ಹತ್ತತೊಡಗಿದರು. ಮೊದಲ ತಿರುವಿನಲ್ಲಿ ಕಣ್ಣು ಮುಚ್ಚಿ ನಿಂತರು. ಮುಂದೆ ಹೋಗುತ್ತಿದ್ದ ಹುಡುಗಿ ತಿರುಗಿ ನೋಡಿದಳು. ಅವಳು ಕೈ ಕೊಡಲಿಲ್ಲ. ಆದರೆ ಅವರು ಕಣ್ಣು ತೆರೆದು ಮುಂದಿನ ಮೆಟ್ಟಿಲಿಗೆ ಕಾಲಿಡುವವರೆಗೂ, ಡಬ್ಬಿ ಹಿಡಿದುಕೊಂಡು, ಅಲ್ಲೇ ನಿಂತಿದ್ದಳು.