ಎರಡು ಸಲ ಬಳಸಿದ ಹಾಳೆ

"ನನ್ನ ಅಂಕಿ ಪುಸ್ತಕ ವಾಪಸ್ ಕೊಡೋಕೆ ಬಂದೆ."

ವೈರ್‌ಲೆಸ್ ಕೋಣೆಯ ಬಾಗಿಲಲ್ಲಿ ನಿಂತವನನ್ನು ಕಂಡು ಅವಳು ಕಿವಿಯ ಹೆಡ್‌ಫೋನ್ ಕಿತ್ತಿಟ್ಟಳು. ಎರಡು ವರ್ಷ ಬರೀ ಅಂಕಿಗಳಲ್ಲಿ ಮಾತಾಡಿದ ಹಡಗಿನ ಆಪರೇಟರ್... ಮೊದಲ ಸಲ ಕಣ್ಣೆದುರು! ಅದೂ ಕೆಲಸ ಕಳೆದುಕೊಂಡು.

ಆ ಕೆಲಸ ಹೋಗಿದ್ದು ಇವಳಿಂದಲೇ.

ಮುಳುಗಿದ ಹಡಗುಗಳ ಸರಕು ಎತ್ತುವ ಕಂಪನಿ ಅದು. ಇಬ್ಬರ ಬಳಿಯೂ ಒಂದೇ ಥರದ ಪುಸ್ತಕ, ಹಾಳೆ ತುಂಬ ತಲೆಬುಡವಿಲ್ಲದ ಅಂಕಿಗಳು. ಅಕ್ಷರಕ್ಕೊಂದು ಅಂಕಿ, ಅದಕ್ಕೆ ಅವನು ಹೇಳಿದ ನಂಬರಿನ ಹಾಳೆಯ ಅಂಕಿ ಕೂಡಿಸಿ ಇವಳು ಕಳಿಸಬೇಕು. ಅದೇ ಹಾಳೆ ನೋಡಿ ಅವನು ಕಳೆದು ಓದಬೇಕು. ಹಾಳೆ ಇಲ್ಲದವರು ತಿಪ್ಪರಲಾಗ ಹಾಕಿದರೂ ಒಂದಕ್ಷರ ದಕ್ಕದು. ಷರತ್ತು ಒಂದೇ: ಬಳಸಿದ ಹಾಳೆಯನ್ನು ಸುಡಬೇಕು, ಎರಡನೇ ಸಲ ಮುಟ್ಟಬಾರದು.

ಈ ಮಹಾರಾಯ್ತಿ ಮುಟ್ಟಿದಳು! "ಬೇಗ ಬನ್ನಿ, ಕಾಯ್ತಿರ್ತೀನಿ" ಎಂದು ಸ್ವಂತ ಮಾತೊಂದನ್ನು ಒಂದು ಹಾಳೆ ಬಳಸಿ ಅವನಿಗೆ ಕಳಿಸಿದಳು. ತಿಂಗಳ ಕೊನೆಗೆ ಸಾಹೇಬರು ಹಾಳೆ ಎಣಿಸುತ್ತಾರಲ್ಲ! ಒಂದು ಕಮ್ಮಿ ಬಂದೀತೆಂದು ಹೆದರಿ, ಮುಳುಗಿದ ಹಡಗಿನ ಜಾಗವನ್ನೂ ಅದೇ ಹಾಳೆಯಲ್ಲಿ ಕಳಿಸಿದಳು. ಪೈಪೋಟಿಯ ಕಂಪನಿಯವರು ಎರಡನ್ನೂ ಕದ್ದು ಕೇಳಿ, ಒಂದು ಸಂದೇಶದಿಂದ ಇನ್ನೊಂದನ್ನು ಕಳೆದರು. ಹಾಳೆಯ ಅಂಕಿ ಮಾಯವಾಗಿ, ಹೆಣೆದುಕೊಂಡ ಎರಡು ಮಾತುಗಳಷ್ಟೇ ಉಳಿದವು. ಎರಡೇ ದಿನದಲ್ಲಿ ಬಿಡಿಸಿ, ಸರಕನ್ನೆಲ್ಲ ಎತ್ತಿಕೊಂಡು ಹೋದರು.

"ಹಾಳೆ ನಂಬರ್ ನಾನೇ ತಪ್ಪಾಗಿ ಹೇಳಿದೆ" ಎಂದು ಅವನು ಸಾಹೇಬರಿಗೆ ಬರೆದುಕೊಟ್ಟ. ಇವಳು ತುಟಿ ಪಿಟಕ್ಕೆನ್ನಲಿಲ್ಲ.

"ಯಾಕ್ರೀ ಸುಳ್ಳು ಹೇಳಿದ್ರಿ?" ಅವಳು ಈಗ ಬಾಗಿಲಲ್ಲಿ ನಿಂತವನನ್ನು ಕೇಳಿದಳು.

"ನಿಮ್ಮ ಕೆಲಸ ಉಳೀಲಿ ಅಂತ. ನೀವು ಒಂದು ಮಾತಾದ್ರೂ ಆಡ್ತೀರಿ ಅಂತ ಹದಿನೈದು ದಿನ ಕಾದೆ... ಆಡಲಿಲ್ಲ. ನಿಮ್ಮ ಮನಸ್ಸಲ್ಲಿ ನಾನಿಲ್ಲ ಅಂದ್ಕೊಂಡೆ."

'ಛೀ, ನಾನೆಂಥ ಹೇಡಿ!'

ಅವಳು ಎದ್ದು ನೇರ ಸಾಹೇಬರ ಕೋಣೆಗೆ ನುಗ್ಗಿದಳು. ಬಾಗಿಲು ಹಾಕಲೂ ಇಲ್ಲ.

"ಸಾರ್, ಆ ಹಾಳೆ ಎರಡು ಸಲ ಬಳಸಿದ್ದು ನಾನು. ಅವರದ್ದೇನೂ ತಪ್ಪಿಲ್ಲ."

ಸಾಹೇಬರ ಕೂಗಾಟ ಮಹಡಿಗೆಲ್ಲ ಕೇಳಿಸಿತು. ಹೊರಬಂದ ಅವಳು ಅವನು ತಂದ ಪುಸ್ತಕವನ್ನು ಅವನತ್ತಲೇ ತಳ್ಳಿದಳು.

"ಪುಸ್ತಕ ನಿಮ್ಮ ಹತ್ರಾನೇ ಇರಲಿ. ನಿಮ್ಮ ಕೆಲಸ ವಾಪಸ್ ಬಂತು, ನಂದು ಹೋಯ್ತು. ಕ್ಷಮಿಸಿ ಅನ್ನೋಕೂ ನಾಚಿಕೆ ಆಗುತ್ತೆ..."

ಅವನು ಮೆಲ್ಲಗೆ ನಕ್ಕ. "ಒಂದು ವಿಷಯ ಗೊತ್ತಾ? ಪೈಪೋಟಿಯವರು ಎರಡೂ ಸಂದೇಶ ಓದಿದ್ದಾರೆ. ನೀವು ನನಗೆ ಕಾಯ್ತೀರಿ ಅಂತ ಬಂದರಿಗೆಲ್ಲ ಗೊತ್ತು! ನನಗೊಬ್ಬನಿಗೇ ಬಾಯಿಬಿಟ್ಟು ಹೇಳಿಲ್ಲ."

ಅವಳು ಅಳುತ್ತಲೇ ನಕ್ಕಳು.

"ಕಾಯ್ತಿರ್ತೀನಿ ಕಣ್ರೀ... ಬೇಗ ಬನ್ನಿ."

"ಇನ್ನೊಂದ್ಸಲ ಹೇಳಿ."

"ಒಂದೇ ಸಲ ಅಂತ ನಿಯಮ ಅಲ್ವಾ?"

"ಇದಕ್ಕಿಲ್ಲ."